ಅರಿಶಿನದ ಮೂಲೆಯ ಕೆಂಪು

ಕಂತು ಹದಿಮೂರು

ಕಪಾಟಿನ ಗಾಜಿನ ಬಾಗಿಲು ತೆಗೆದು, ಮೇಲಿನ ಸಾಲಿನ ನಿಘಂಟುಗಳ ಹಿಂದೆ ಕೈಹಾಕಿದಾಗ ಜಯಶ್ರೀಯ ಬೆರಳಿಗೆ ಮೊದಲು ಸಿಕ್ಕಿದ್ದು ಹೊಲಿಗೆ. ದಪ್ಪ ದಾರದ, ಒತ್ತೊತ್ತಾದ ಕೈಹೊಲಿಗೆ. ಎಳೆದಳು. ಹಳೆಯ ಕೌದಿಯ ಬಟ್ಟೆತುಂಡುಗಳಿಂದ ಹೊಲಿದ ಹೆಗಲಚೀಲವೊಂದು ಎರಡು ನಿಘಂಟುಗಳನ್ನು ಕೆಡವಿಕೊಂಡು ಹೊರಗೆ ಬಂತು.

ಮನೆಯಲ್ಲೇ ಇಂಗ್ಲಿಷ್ ತರಗತಿ ನಡೆಸುವ ಪ್ರಾಣೇಶ ಕುರ್ಚಿಯಿಂದ ಎದ್ದ.

"ಇದು ಯಾರದು?"

"ನೀವ ಹೇಳ್ರಿ ಸರ್. ಕಪಾಟು ನಿಮ್ಮದು."

ಹದಿನಾಲ್ಕು ತಿಂಗಳಿಂದ ಹುಡುಕುತ್ತಿದ್ದ ಚೀಲ. ಹತ್ತಿಮತ್ತೂರಿನ ಹೊಲದ ಕೃಷಿಹೊಂಡದಲ್ಲಿ ಸವಿತಾಳ ಹೆಣ ಸಿಕ್ಕ ದಿನ, ಬೆಳಿಗ್ಗೆ ಹತ್ತಕ್ಕೆ ಅವಳು ಮನೆಯಿಂದ ಹೊರಟಾಗ ಈ ಚೀಲ ಅವಳ ಹೆಗಲಿಗಿತ್ತು ಎಂದು ಮಗ್ಗಲ ಮನೆಯ ರಮೀಜ ಹೇಳಿದ್ದಳು. ಹೆಣದ ಹತ್ತಿರ ಚೀಲವಿರಲಿಲ್ಲ. ಕಾಲು ಜಾರಿ ಬಿದ್ದದ್ದು ಎಂದು ಕಡತ ಮುಚ್ಚಿತು. ಚೀಲ ಯಾರ ಬಳಿ ಇದೆಯೋ ಅವರು ಆ ದಿನ ಹೊಂಡದ ದಂಡೆಯಲ್ಲಿದ್ದರು. ನೌಕರಿ ಬಿಟ್ಟು ಹಾನಗಲ್ಲಿನಲ್ಲಿ ಒಬ್ಬಳೇ ಇರುವ ಹಳೆಯ ಹೆಡ್ ಕಾನ್‌ಸ್ಟೇಬಲ್ ಜಯಶ್ರೀ ಅಂದಿನಿಂದ ಹಿಡಿದುಕೊಂಡು ಬಂದದ್ದು ಇದೊಂದೇ ದಾರ.

ನಿನ್ನೆ ಸವಿತಾಳ ತಾಯಿ ಯಂಕವ್ವ ಫೋನ್ ಮಾಡಿದ್ದಳು. "ಹೋದ ಗುರುವಾರ ಆ ಸರ್ ಮನಿಗೆ ಹೋಗಿದ್ವಲ್ರಿ ಬಾಯಾರ, ಆ ಗ್ಲಾಸಿನ ಕಪಾಟಿನ್ಯಾಗ ನನ್ನ ಕೌದಿ ತುಂಡು ಕಂಡಂಗಾತು. ಒಮ್ಮೆ ನೋಡ್ರಿ."

ಇವತ್ತು ಮಧ್ಯಾಹ್ನ ಶಿಗ್ಗಾಂವಿಯ ಈ ಮನೆಗೆ ಬರುವ ಮೊದಲೇ ಜಯಶ್ರೀ ಠಾಣೆಗೆ ಫೋನ್ ಮಾಡಿ ಪಿ.ಎಸ್.ಐ. ಲೋಹಿತನಿಗೆ ವಿಷಯ ಹೇಳಿದ್ದಳು. ಇನ್ನು ಅರ್ಧ ತಾಸಿನಲ್ಲಿ ಜೀಪು ಬರುತ್ತದೆ.

ಅಷ್ಟರೊಳಗೆ ಪ್ರಾಣೇಶನ ಮುಖ ಬಿಳಿಚಿಕೊಳ್ಳುವುದನ್ನು ಅವಳು ನೋಡಬೇಕಿತ್ತು. ರೊಟ್ಟಿ ಬಡಿಯುವಾಗ, ತಲೆ ಬಾಚಿಕೊಳ್ಳುವಾಗ, ಬಸ್ಸಿಗೆ ಕಾಯುವಾಗ ಹದಿನಾಲ್ಕು ತಿಂಗಳು ಕಲ್ಪಿಸಿಕೊಂಡಿದ್ದು ಇದನ್ನೇ.

ಚೀಲವನ್ನು ಮೇಜಿನ ಮೇಲೆ ತಲೆಕೆಳಗು ಮಾಡಿದಳು. ರಟ್ಟಿನ ತುಂಡುಗಳು ಸುರಿದವು. ನೂರು, ನೂರೈವತ್ತು.

ಸವಿತಾ ಇಂಗ್ಲಿಷ್ ಕಲಿಸುತ್ತಿದ್ದ ತುಂಡುಗಳು ಇವು. ಊರಲ್ಲಿ ಮದುವೆ ಮುಗಿದ ಮೇಲೆ ಮನೆಮನೆಗೆ ಹೋಗಿ ಹಳೆಯ ಲಗ್ನಪತ್ರಿಕೆ ಕೇಳುತ್ತಿದ್ದಳು. ಅವಳನ್ನು ಒಳಗೆ ಕರೆಯದ ಮನೆಯವರೂ ಬಾಗಿಲಲ್ಲಿ ನಿಂತು ಪತ್ರಿಕೆ ಕೊಟ್ಟು ಕಳಿಸುತ್ತಿದ್ದರು. ಪತ್ರಿಕೆಯ ನಾಲ್ಕೂ ಮೂಲೆಗೆ ಹಚ್ಚಿದ ಅರಿಶಿನ ಹಾಗೇ ಇರುತ್ತಿತ್ತು. ಎಡಗಡೆಯ ಮೂಲೆ ಕತ್ತರಿಸಿ ಪದದ ಮುಂದೆ ಕೂಡುವ ತುಂಡುಗಳನ್ನು ಬರೆಯುತ್ತಿದ್ದಳು: ‘ಅನ್’, ‘ಡಿಸ್’, ‘ಮಿಸ್’, ‘ಇನ್’. ಬಲಗಡೆಯ ಮೂಲೆಗೆ ಪದದ ಹಿಂದೆ ಕೂಡುವವು: ‘ಲೆಸ್’, ‘ಫುಲ್’, ‘ನೆಸ್’, ‘ಇಟಿ’. ನಡುವಿನ ಬಿಳಿಯ ತುಂಡಿಗೆ ಮೂಲ ಪದ. ಅಕ್ಷರ ಇನ್ನೂ ಗಟ್ಟಿಯಾಗದ ಮಕ್ಕಳು ಕೂಡ ಹಳದಿ ನೋಡಿಯೇ ಯಾವುದು ಎತ್ತ ಕೂಡಬೇಕೆಂದು ಹೇಳುತ್ತಿದ್ದರು. ಉಪಸರ್ಗ, ಪ್ರತ್ಯಯ ಎಂಬ ಮಾತೇ ಅವಳ ಬಾಯಲ್ಲಿ ಬರುತ್ತಿರಲಿಲ್ಲ. ತಲಿ ತುಂಡು, ಬಾಲದ ತುಂಡು, ಅಷ್ಟೇ.

ಜಯಶ್ರೀ ಒಂದು ತುಂಡನ್ನು ಎತ್ತಿದಳು. ‘ಇನ್’.

ಏಳು ವರ್ಷದ ಹಿಂದೆ ಸವಣೂರಿನಲ್ಲಿ ಕೆಲಸಕ್ಕಿದ್ದಾಗ, ದವಾಖಾನೆಯ ಹಳೆಯ ಕಡತವೊಂದನ್ನು ಸೆರಗಿನ ಮರೆಯಲ್ಲಿ ಹಿಡಿದುಕೊಂಡು ಅವಳು ಸವಿತಾಳ ಮನೆಗೆ ಹೋಗಿದ್ದಳು. ಪೊಲೀಸ್ ಕೆಲಸಕ್ಕೆ ಸಾಲುವಷ್ಟು ಇಂಗ್ಲಿಷ್ ಅವಳಿಗಿತ್ತು, ದವಾಖಾನೆಯ ಕಾಗದ ಓದುವಷ್ಟಿರಲಿಲ್ಲ. ಮಕ್ಕಳಾಗದ್ದಕ್ಕೆ ಹನ್ನೆರಡು ವರ್ಷ ಅತ್ತೆಮನೆಯಲ್ಲಿ ಮಾತು ಕೇಳಿದ್ದಳು. ದೋಷ ನಿನ್ನದೇ ಎಂದು ಡಾಕ್ಟರು ಬರೆದಿದ್ದಾರೆ ಎಂದು ಗಂಡ ಹೇಳಿದ್ದ.

ಸವಿತಾ ನೆಲದ ಮೇಲೆ ಬಿಳಿಯ ತುಂಡೊಂದನ್ನಿಟ್ಟಿದ್ದಳು. ‘ಫರ್ಟೈಲ್’. "ಇದು ಹೊಲಕ್ಕ ಅಂತಾರಲ್ರಿ ಬಾಯಾರ, ಛಲೋ ಬೆಳಿ ಬರೂ ಹೊಲಕ್ಕ, ಹಂಗ." ಎಡಕ್ಕೆ ‘ಇನ್’ ಕೂಡಿಸಿದಳು. "ಈಗ ಬೆಳಿ ಇಲ್ಲ." ಬಲಕ್ಕೆ ‘ಇಟಿ’. "ಈಗ ಅದು ಒಂದು ದೋಷದ ಹೆಸರಾತು. ಕಾಗದದಾಗ ಇದ ಪದ ಐತಿ. ಆದ್ರ ಇದರ ಎದುರಿಗೆ ಬರದಿದ್ದು ನಿಮ್ಮ ಹೆಸರು ಅಲ್ರಿ."

ಗಂಡನ ಹೆಸರು. ಆ ಹೆಸರನ್ನು ಜಯಶ್ರೀ ಎಷ್ಟೋ ಸಲ ನೋಡಿದ್ದಳು. ಹೆಂಡತಿಯ ಕಾಗದದ ಮೇಲೆ ಗಂಡನ ಹೆಸರಿರುವುದು ಸಹಜ ಎಂದೇ ಅಷ್ಟು ವರ್ಷ ಅಂದುಕೊಂಡಿದ್ದಳು.

"ಇಷ್ಟ ಇಷ್ಟು ತುಂಡು," ಎಂದಿದ್ದಳು ಸವಿತಾ, ಬೆರಳ ತುದಿಯಲ್ಲಿ ‘ಇನ್’ ಹಿಡಿದುಕೊಂಡು. "ಇದಕ್ಕ ಹನ್ನೆರಡು ವರ್ಷ ಬೈಸಿಕೊಂಡ್ರಲ್ರಿ."

ಅಂದು ಸಂಜೆಯೇ ಜಯಶ್ರೀ ಗಂಡನ ಮನೆ ಬಿಟ್ಟಿದ್ದಳು. ಅವಳಿಗೆ ಅವಳ ಬದುಕನ್ನು ಓದಿ ಹೇಳಿದ ಹುಡುಗಿ ನೀರಿನಲ್ಲಿ ಬೋರಲಾಗಿ ತೇಲಿದ್ದಳು. ಆ ಹುಡುಗಿಯ ತುಂಡುಗಳು ಪ್ರಾಣೇಶನ ಹೆಸರಿನ ಪುಸ್ತಕವಾಗಿ ನಾಲ್ಕನೆಯ ಮುದ್ರಣ ಕಂಡಿದ್ದವು.

"ಇವನ್ನ ಯಾರು ಮಾಡಿದ್ದು ಸರ್?"

"ನಾನು ಇವನ್ನ ನೋಡೇ ಇಲ್ಲ. ಸವಿತಾ ಎರಡು ವರ್ಷ ಇಲ್ಲಿ ಕಲಿಸಲಿಕ್ಕೆ ಬರ್ತಿದ್ದಳು, ಖರೆ. ಆಕಿದು ಇರಬಹುದು. ಇಲ್ಲಿ ಹ್ಯಾಂಗ ಬಂತು ಗೊತ್ತಿಲ್ಲ."

"ನಿಮ್ಮ ಪುಸ್ತಕದ ಎಂಟನೆ ಪುಟದಾಗ ಇದ ಆಟ ಐತಲ್ರಿ. ಎಡಕ್ಕ ಹಳದಿ, ಬಲಕ್ಕ ಹಳದಿ."

"ಅದು ನನ್ನ ಪದ್ಧತಿ."

"ಹಳದಿನ ಯಾಕ್ರಿ?"

ಪ್ರಾಣೇಶ ಕನ್ನಡಕ ಸರಿ ಮಾಡಿಕೊಂಡ. ತರಬೇತಿಗಳಲ್ಲಿ ಮಾತಾಡಿ ರೂಢಿಯಾದ ದನಿ. "ಹಳದಿ ಬಣ್ಣ ಮಕ್ಕಳ ಗಮನ ಸೆಳೀತದ್ರಿ. ಮನಃಶಾಸ್ತ್ರದ ಪ್ರಕಾರ."

"ಮನಃಶಾಸ್ತ್ರ ಅಲ್ರಿ ಸರ್. ಮದುವಿ."

ತುಂಡನ್ನು ಮಗುಚಿ ತೋರಿಸಿದಳು. ಹಿಂಬದಿಯಲ್ಲಿ ‘ಚಿ. ಸೌ.’ ಎಂಬಷ್ಟು ಅಚ್ಚು ಉಳಿದಿತ್ತು. ಇನ್ನೊಂದರ ಹಿಂದೆ ಹತ್ತಿಮತ್ತೂರಿನ ಓಣಿಯೊಂದರ ಹೆಸರು.

ಜಯಶ್ರೀ ಮೇಜಿನ ಮೇಲಿದ್ದ ಅವನ ಪುಸ್ತಕ ತೆಗೆದು ಇಪ್ಪತ್ಮೂರನೆಯ ಪುಟ ಬಿಡಿಸಿದಳು.

"ಕೆಂದಿ ಅಂದ್ರ ಯಾರ್ರಿ?"

"ಯಾರೂ ಅಲ್ಲ. ಉದಾಹರಣೆಗೆ ಕೊಟ್ಟ ಹೆಸರು. ಒಂದು ಹುಡುಗಿ."

ಪುಟದಲ್ಲಿ ಎರಡು ಜಡೆಯ ಹುಡುಗಿಯೊಬ್ಬಳ ಚಿತ್ರವಿತ್ತು. ಕೈಯಲ್ಲಿ ಜಿಗಿದಾಡುವ ಹಗ್ಗ.

"‘ಕೆಂದಿ ಈಸ್ ಹಾರ್ಮ್‌ಲೆಸ್.’ ‘ಕೆಂದಿ ಈಸ್ ರೆಸ್ಟ್‌ಲೆಸ್ ಟುಡೇ.’ ‘ಕೆಂದಿ ಡಿಸ್‌ಲೈಕ್ಸ್ ದ ನ್ಯೂ ರೋಪ್.’ ಹುಡುಗಿಗೆ ಹೊಸಾ ಹಗ್ಗ ಯಾಕ ಸೇರವಲ್ದು ಸರ್?"

"ಹುಡುಗೂರಿಗೆ ಏನ ಸೇರ್ತದ, ಏನ ಸೇರೂದಿಲ್ಲ..."

"ಯಂಕವ್ವನ ಆಕಳ್ರಿ ಅದು. ಕೆಂದಬಣ್ಣದ್ದು. ಹೊಸ ಹಗ್ಗ ಕಟ್ಟಿದ್ರ ಗೂಟ ಕೀಳತಿತ್ತು. ಯಂಕವ್ವಗ ಓದಾಕ ಬರೂದಿಲ್ಲ, ರಮೀಜ ಓದಿ ಹೇಳಿದ್ಲು. ಮಗಳ ಪುಸ್ತಕ ಅಂತ ಆಕಿಗೆ ಗೊತ್ತಾಗಿದ್ದು ಹಂಗ. ನನ್ನ ಆಕಳಿಗೆ ಯಾಕ ಜಡಿ ಹಾಕ್ಯಾರ ಅಂತ ಕೇಳಿದ್ಲು."

ಒಳಬಾಗಿಲಲ್ಲಿ ಸಣ್ಣ ಸಪ್ಪಳವಾಯಿತು. ಪ್ರಾಣೇಶನ ಹೆಂಡತಿ ಹರಿಪ್ರಿಯಾ ಲಿಂಬಿಹಣ್ಣಿನ ಪಾನಕದ ಲೋಟಗಳನ್ನು ತಾಟಿನಲ್ಲಿಟ್ಟುಕೊಂಡು ನಿಂತಿದ್ದಳು. ನಲವತ್ತರ ಹೆಣ್ಣು. ನೋಟ ಪುಸ್ತಕದ ಮೇಲಿತ್ತು.

"ಆ ಚಿತ್ರ ನಾನು ಬರದದ್ದು," ಎಂದಳು. "ನನಗೂ ಹುಡುಗಿ ಅಂತನ ಹೇಳಿದ್ರು."

ಜಯಶ್ರೀ ಪುಸ್ತಕದ ಮೊದಲ ಪುಟಗಳನ್ನು ತಿರುವಿದಳು. ಚಿತ್ರ ಬರೆದವರ ಹೆಸರು ಎಲ್ಲೂ ಇರಲಿಲ್ಲ.

ಪ್ರಾಣೇಶ ಹೆಂಡತಿಯ ಕಡೆ ನೋಡದೆ ಕುಳಿತುಕೊಂಡ. "ಆತ್ರಿ. ಆಕಿ ಕಲಿಸೋ ರೀತಿ ತೊಗೊಂಡೆ, ಒಪ್ಪಿಕೊಳ್ತೀನಿ. ಆದ್ರ ಇಂಗ್ಲಿಷ್ ಪದದ ತಲಿ ಬಾಲ ಏನು ಆಕಿ ಅಪ್ಪ ಗಳಿಸಿಟ್ಟ ಆಸ್ತಿ ಅಲ್ಲಲ್ಲ. ಸಾವಿರ ಪುಸ್ತಕದೊಳಗ ಅವ. ಕಳ್ಳ ಅನ್ರಿ, ಕೇಳ್ತೀನಿ. ಹೊಂಡದ ಮಾತು ಬ್ಯಾಡ. ಆವತ್ತ ನಾನು ಹಂಸಭಾವಿಯೊಳಗ ಮಾಸ್ತರರಿಗೆ ತರಬೇತಿ ಕೊಡ್ಲಿಕತ್ತಿದ್ದೆ. ಸಹಿ ಮಾಡಿದ್ದದ."

"ಸಹಿ ಮಧ್ಯಾಹ್ನ ಎರಡಕ್ಕ ಮಾಡೀರಿ. ಹಂಸಭಾವಿಗೆ ಹೋಗಿ ಪಟ್ಟಿ ನೋಡಿ ಬಂದೇನಿ. ಕರದಿದ್ದು ಹನ್ನೊಂದಕ್ಕ."

"ಗಾಡಿ ಪಂಕ್ಚರ್ ಆಗಿತ್ತು."

"ಮೂರು ತಾಸು?"

ಈಗ ಮುಖ ಬಿಳಿಚಿತು. ಜಯಶ್ರೀ ಅದನ್ನು ಪೂರ್ತಿ ನೋಡಿದಳು, ಅವಸರ ಮಾಡಲಿಲ್ಲ. ಆದರೆ ಅಂದುಕೊಂಡಷ್ಟು ಸಮಾಧಾನ ಆಗಲಿಲ್ಲ. ಇನ್ನೂ ಬೇಕು ಅನ್ನಿಸಿತು.

ಅಷ್ಟರಲ್ಲಿ ತುಂಡುಗಳ ರಾಶಿಯಲ್ಲಿ ಏನೋ ಕೆಂಪಗೆ ಕಂಡಿತು.

ಬಾಗಿ ಮೂರು ತುಂಡುಗಳನ್ನು ಬೇರೆ ತೆಗೆದಳು. ಮೂರರಲ್ಲೂ ಹಳದಿ ಮೂಲೆಯ ಮೇಲೆ ಹೆಬ್ಬೆರಳಿನ ಗುರುತು. ಕುಂಕುಮದಂಥ ಕೆಂಪು. ಗುರುತಿನ ನಡುವೆ ಓರೆಯಾಗಿ ಒಂದು ಸಣ್ಣ ಗೆರೆ ಮಾತ್ರ ಕೆಂಪಾಗದೆ ಹಳದಿಯಾಗಿಯೇ ಉಳಿದಿತ್ತು. ಬೆರಳಿಗೆ ಹಳೆಯ ಗಾಯದ ತಗ್ಗಿದ್ದರೆ ಹಾಗೆ ಬೀಳುತ್ತದೆ.

ಅರಿಶಿನಕ್ಕೆ ಸುಣ್ಣ ತಾಗಿದೆ. ಆರತಿಯ ನೀರನ್ನು ಕೆಂಪು ಮಾಡುವುದು ಹೀಗೆಯೇ ಎಂದು ಈ ಸೀಮೆಯ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಎಲೆಗೆ ಸುಣ್ಣ ಹಚ್ಚಿಕೊಂಡ ಕೈಯಿಂದ ಯಾರೋ ಈ ತುಂಡುಗಳನ್ನು ಹಿಡಿದಿದ್ದಾರೆ.

"ಹೆಬ್ಬೆರಳು ತೋರಸ್ರಿ ಸರ್."

"ಯಾಕ?"

ಅವಳು ಹೇಳಿದಳು. ಪ್ರಾಣೇಶನ ಮುಖಕ್ಕೆ ರಕ್ತ ಮರಳಿ ಬಂತು. ಎರಡೂ ಕೈ ಮುಂದೆ ಚಾಚಿದ. ಬೆರಳುಗಳು ನುಣುಪಾಗಿದ್ದವು, ಒಂದು ಗೀರೂ ಇರಲಿಲ್ಲ.

"ನೋಡ್ರಿ. ಚೆನ್ನಾಗಿ ನೋಡ್ರಿ. ನಾನು ಎಲಿ ಅಡಿಕಿ ಮುಟ್ಟೂದಿಲ್ಲ. ಬೇಕಾದ್ರ ಈಕಿನ್ನ ಕೇಳ್ರಿ."

ಹರಿಪ್ರಿಯಾ ತಾಟನ್ನು ಮೇಜಿನ ಮೇಲಿಟ್ಟು, ಮೂರು ತುಂಡುಗಳನ್ನು ದಿಟ್ಟಿಸಿ, ಆಮೇಲೆ ಕಿಟಕಿಯ ಕಡೆಗೊಮ್ಮೆ ನೋಡಿದಳು.

"ಇಲ್ಲರಿ," ಎಂದಳು. "ಹೊಟ್ಟಿಯೊಳಗ ಹುಣ್ಣಾದಾಗಿಂದ ಬಿಟ್ಟಾರ. ಎಂಟು ವರ್ಷಾತು. ನಮ್ಮ ಮನಿಯೊಳಗ ಸುಣ್ಣದ ಡಬ್ಬಿನ ಇಲ್ಲ."

"ಕೇಳಿದ್ರಿಲ್ಲ?" ಪ್ರಾಣೇಶ ಎದ್ದು ನಿಂತ. "ಯಾರೋ ತಂದಿಟ್ಟಾರ ಇದನ್ನ. ನಾನು ವಕೀಲರಿಗೆ ಫೋನ್ ಮಾಡ್ತೀನಿ. ನಿಮ್ಮ ಸಾಹೇಬರನ್ನ ಕರಸ್ರಿ, ಈ ಗುರುತ ತೋರಸ್ತೀನಿ."

ಅವನು ಒಳಗೆ ಹೋದ. ಹರಿಪ್ರಿಯಾ ಅಲುಗದೆ ನಿಂತಿದ್ದಳು. ಅವಳು ನೋಡಿದ್ದ ಕಿಟಕಿಯಿಂದಲೇ ಜಯಶ್ರೀಯೂ ಹೊರಗೆ ನೋಡಿದಳು.

ಗೇಟಿಗೆ ಯಾರದೋ ಸೈಕಲ್ ಒರಗಿಸಿದ್ದರು. ದುಂಡಸಿಯ ಬಸ್ಸಿಳಿದು ಸಂಜೆ ತರಗತಿಗೆ ಬರುವ ಹುಡುಗಿಯರು ಇನ್ನೂ ಬಂದಿರಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ, ಅವಳ ಜೊತೆ ಬಂದಿದ್ದ ಯಂಕವ್ವ ಕುಳಿತಿದ್ದಳು. ತೊಡೆಯ ಮೇಲೆ ಎಲೆ ಅಡಿಕೆಯ ಸಂಚಿ. ಸವಣೂರಿನ ಎಳೆಯ ಎಲೆಯೊಂದನ್ನು ಸೆರಗಿಗೆ ಒರೆಸಿ, ಡಬ್ಬಿಯಿಂದ ಸುಣ್ಣ ತೆಗೆದು, ಹೆಬ್ಬೆರಳಿನಿಂದ ನಿಧಾನವಾಗಿ ಹಚ್ಚುತ್ತಿದ್ದಳು.

ಜಯಶ್ರೀ ತುಂಡುಗಳನ್ನು ಮೇಜಿನ ಮೇಲೆಯೇ ಬಿಟ್ಟು ಹೊರಗೆ ನಡೆದಳು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಮ್ಮೆಯೂ ಮಾಡದ ತಪ್ಪು.

"ಯಂಕವ್ವಾ, ಕೈ ತೋರಸು."

ಮುದುಕಿ ತಲೆಯೆತ್ತಿ ನೋಡಿದಳು. ಯಾಕೆ ಎಂದು ಕೇಳಲಿಲ್ಲ. ಹೆಬ್ಬೆರಳು ಮೇಲೆ ಮಾಡಿ ಕೈ ಚಾಚಿದಳು. ಸುಣ್ಣ ಮೆತ್ತಿದ ಬೆರಳಿನ ನಡುವೆ ಕುಡಗೋಲು ತಾಗಿದ ಹಳೆಯ ಗಾಯ, ಓರೆಯಾಗಿ.

ಜಯಶ್ರೀ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಗುರುವಾರ ನೆನಪಾಯಿತು. ಪ್ರಾಣೇಶ ಮನೆಯಲ್ಲಿರಲಿಲ್ಲ. ಹರಿಪ್ರಿಯಾ "ಒಳಗ ಬರ್ರಿ, ಚಹಾ ತೊಗೊಳ್ರಿ" ಎಂದಿದ್ದಳು. ನೋಟ ಜಯಶ್ರೀಯ ಮೇಲಿತ್ತು. ಯಂಕವ್ವ ತಾನೇ, "ನಾ ಇಲ್ಲೇ ಕುಂದರತೇನಿ, ನೀವು ಹೋಗಿ ಬರ್ರಿ" ಎಂದು ತರಗತಿಯ ಕೋಣೆಯಲ್ಲಿ, ಕಪಾಟಿನ ಹತ್ತಿರ, ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಉಳಿದಿದ್ದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಅಂಥ ಮನೆಯ ಅಡಿಗೆಮನೆಯ ತನಕ ಯಂಕವ್ವ ಯಾಕೆ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಜಯಶ್ರೀ ಒಳಗೆ ಹೋಗಿ ಚಹಾ ಕುಡಿದಿದ್ದಳು. ಒಂದು ಲೋಟ ಹೊರಗೂ ಕೊಡಿ ಎನ್ನುವುದು ಕೂಡ ಅವಳಿಗೆ ಹೊಳೆದಿರಲಿಲ್ಲ.

"ಆ ಮನಿಯಾಗ ನನ್ನ ಒಬ್ಬಾಕಿನ್ನ ಹೊರಗ ಬಿಡ್ತಾರಂತ ನನಗ ಗೊತ್ತಿತ್ತು ಬಾಯಾರ," ಎಂದಳು ಯಂಕವ್ವ. ದನಿಯಲ್ಲಿ ಹಗೆಯೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. "ಜನ್ಮ ಪೂರ್ತಿ ಹೊರಗ ಕುಂತೇನಿ. ಒಂದ ದಿನ ಉಪಯೋಗಕ್ಕ ಬಂತು."

"ಚೀಲ ನಿನ್ನ ಕಡೆ ಹೆಂಗ ಬಂತು?"

"ಆಕಿನ ಕೊಟ್ಟು ಹೋದ್ಲು."

"ಆವತ್ತ?"

"ಆವತ್ತ. ನಾ ಮೆಣಸಿನಗಿಡದಾಗ ಕಸಾ ತಗಿಯಾಕತ್ತಿದ್ನಿ. ಬಂದು ಚೀಲ ಕೈಯಾಗ ಇಟ್ಲು. ‘ಯವ್ವಾ, ಇದನ್ನ ಹಿಡಕೊ. ಮಾತಾಡೂದೈತಿ ಅಂತ ಹೊಂಡದ ಕಡೆ ಒಬ್ರು ಬಂದಾರ. ಈಗ ಬಂದ್ನಿ’ ಅಂದ್ಲು. ಬಾಜೂ ಹೊಲದಾಗ ಗೋವಿನಜೋಳದ ಮಷಿನ್ ಹಚ್ಚಿದ್ರು. ಯಾರು ಬಂದಾರ ಅಂತ ಕೇಳಬೇಕಂದ್ನಿ. ಆ ಸಪ್ಪಳದಾಗ ಕೂಗಿ ಕೇಳೂದು ಬ್ಯಾಡ, ಬಂದ ಮ್ಯಾಲ ಕೇಳಿದ್ರಾತು ಅಂತ ಬಿಟ್ನಿ."

ಯಂಕವ್ವ ಎಲೆ ಮಡಿಚಿದಳು. ಬಾಯಿಗೆ ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದುಕೊಂಡಳು.

"ನನಗ ಯಾಕ ಹೇಳಲಿಲ್ಲ? ವರ್ಷದ ಮ್ಯಾಲಾತು, ನಿನ್ನ ಮನಿಗೆ ಬಂದು ಹೋಗಾಕತ್ತೇನಿ."

"ಚೀಲ ಯಾರು ಒಯ್ದಿರಬೇಕು ಅಂತ ಕೇಳಿದ್ರಿ. ನಿನ್ನ ಕಡೆ ಐತೇನು ಅಂತ ಕೇಳಲಿಲ್ಲ." ಸುಣ್ಣದ ಡಬ್ಬಿ ಮುಚ್ಚಿದಳು. "ಹೇಳಿದ್ರ ಮಂದಿ ಏನಂತಿದ್ರು? ಚೀಲ ಅವ್ವನ ಕೈಯಾಗ ಕೊಟ್ಟು ಹೋಗಿ ತಾನ ಹಾರಿಕೊಂಡ್ಲು ಅಂತಿದ್ರು. ಮದುವಿ ಇಲ್ಲದ ಹುಡುಗಿ ಯಾಕ ಹಾರಿಕೊಂಡ್ಲು ಅಂತ ಹೊಟ್ಟಿ ಕೊಯ್ದು ನೋಡಿದ ಮ್ಯಾಲೂ ಕಥಿ ಕಟ್ಟತಿದ್ರು. ಅದಕ್ಕ ಕಣಜದಾಗ ಮುಚ್ಚಿಟ್ನಿ."

"ಈ ಸರ್‌ನ ಬಂದಿದ್ದ ಅಂತ ನಿನಗ ಹೆಂಗ ಗೊತ್ತು?"

"ಆಕಿದು ಇನ್ನ್ಯಾರ ಕೂಡ ಜಗಳಿತ್ರಿ? ಪುಸ್ತಕದ ಸಲುವಾಗಿ ಇವನ ಕೂಡನ. ಆಕಿ ಹೆಸರು ತಿಂದಾನ, ಜೀವಾನೂ ತಿಂದಾನ." ಮೊದಲ ಸಲ ಅವಳ ದನಿ ಒಡೆಯಿತು. "ನೀವು ಕಾಯ್ದೆ, ಸಾಕ್ಷಿ ಅಂತ ತಿರಗ್ಯಾಡಿದ್ರಿ. ಸಾಕ್ಷಿ ಇಲ್ಲ ಅಂದ್ರಿ. ನಾ ತಂದಿಟ್ನಿ."

"ಬೆರಳಿನ ಗುರುತು ಬಿಟ್ಟು ಬಂದೀದಿ."

ಯಂಕವ್ವ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. "ಅರಿಶಿಣ ಹಚ್ಚಿದ ಕಾಗದ ಬಿಟ್ಟು ಬರೂ ಮುಂದ ಕಣ್ಣಿಗೆ ಒತ್ತಿಕೊಳ್ಳಬೇಕಲ್ರಿ. ಒಂದ ಮೂರು ತಗದು ಒತ್ತಿಕೊಂಡ್ನಿ. ಆಕಿ ಲಗ್ನಪತ್ರಿಕಿ ಅಂತೂ ನೋಡಲಿಲ್ಲ." ಆಮೇಲೆ, "ಹೇಳೂದಿದ್ರ ಹೇಳ್ರಿ ಬಾಯಾರ. ನಾ ಇಲ್ಲೇ ಕುಂತಿರತೇನಿ."

ಜಯಶ್ರೀ ಮೆಟ್ಟಿಲಿಂದ ಎದ್ದಳು. ಸುಳ್ಳು ಸಾಕ್ಷಿಯಿಂದ ಒಬ್ಬನನ್ನು ಜೈಲಿಗೆ ಕಳಿಸಿದ ಕಥೆಗಳು ಅವಳಿಗೆ ಗೊತ್ತಿದ್ದವು, ಆಗ ಮನಸ್ಸಿನಲ್ಲಿ ಉಗಿದದ್ದೂ ನೆನಪಿತ್ತು. ಈಗ ಮನಸ್ಸು ಬೇರೆ ಏನನ್ನೋ ಹೇಳುತ್ತಿತ್ತು. ಅವನು ಕಳ್ಳ. ಮೂರು ತಾಸಿನ ಉತ್ತರವಿಲ್ಲ. ಅವನೇ ಇರಬೇಕು. ಅವನೇ ಇರಲಿ.

‘ಇರಬೇಕು’ ಯಾವಾಗ ‘ಇರಲಿ’ ಆಯಿತೋ ಅವಳಿಗೆ ಗೊತ್ತಾಗಲಿಲ್ಲ.

ಜೀಪು ಗೇಟಿನ ಮುಂದೆ ನಿಂತಿತು.

ಲೋಹಿತ ಚಿಕ್ಕ ವಯಸ್ಸಿನವನು, ಜಯಶ್ರೀಗೆ ಇನ್ನೂ ಅಕ್ಕಾರ ಎನ್ನುತ್ತಾನೆ. ಒಬ್ಬ ಕಾನ್‌ಸ್ಟೇಬಲ್ ಜೊತೆ ಒಳಗೆ ಬಂದ. ಪ್ರಾಣೇಶ ಆಗಲೇ ಮೇಜಿನ ಹತ್ತಿರ ನಿಂತಿದ್ದ. ಹರಿಪ್ರಿಯಾ ಗೋಡೆಗೆ ಒರಗಿ, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು.

"ಸಾಹೇಬ್ರ, ಚೀಲ ನನ್ನದಲ್ಲ. ಯಾರೋ ತಂದಿಟ್ಟಾರ," ಎಂದ ಪ್ರಾಣೇಶ. ಈಗ ಅವನ ದನಿಯಲ್ಲಿ ಅಂಜಿಕೆಯಿರಲಿಲ್ಲ. "ಸಾಕ್ಷಿ ಅದ. ಇದರ ಮ್ಯಾಲೆ ಸುಣ್ಣದ ಬೆರಳಿನ ಗುರುತದ, ಕೆಂಪಗ. ಈ ಮೇಡಂನವರ ಕಂಡು ಹಿಡದಾರ. ನನ್ನ ಬೆರಳಲ್ಲ ಅಂತ ಅವರಿಗೂ ಗೊತ್ತದ."

ಬೇರೆಯಿಟ್ಟ ಮೂರು ತುಂಡುಗಳನ್ನು ಎತ್ತಿ ಲೋಹಿತನ ಮುಂದೆ ಹಿಡಿದ.

ಮೂರೂ ಹಳದಿ.

ಪ್ರಾಣೇಶ ತುಂಡುಗಳನ್ನು ಮಗುಚಿ ನೋಡಿದ. ರಾಶಿಯಲ್ಲಿ ಕೈಯಾಡಿಸಿದ. ಇನ್ನಷ್ಟು ಎತ್ತಿ ನೋಡಿದ. ಹಳದಿ, ಹಳದಿ. ಕೆಂಪು ಎಲ್ಲೂ ಇರಲಿಲ್ಲ.

ಜಯಶ್ರೀಯ ಮೂಗಿಗೆ ಮೊದಲು ಬಂದದ್ದು ಲಿಂಬಿಯ ವಾಸನೆ. ಮೂರು ತುಂಡುಗಳ ಮೂಲೆ ಒದ್ದೆಯಾಗಿತ್ತು. ತಾಟಿನಲ್ಲಿದ್ದ ಲೋಟಗಳಿಂದ ಯಾರೂ ಕುಡಿದಿರಲಿಲ್ಲ, ಆದರೂ ಒಂದರಲ್ಲಿ ಪಾನಕ ಎರಡು ಬೆರಳಷ್ಟು ಇಳಿದಿತ್ತು. ಸುಣ್ಣದಿಂದ ಕೆಂಪಾದ ಅರಿಶಿನಕ್ಕೆ ಲಿಂಬಿಯ ಹುಳಿ ಬಿದ್ದರೆ ಮತ್ತೆ ಹಳದಿಯಾಗುತ್ತದೆ. ಅದನ್ನು ತಿಳಿಯಲು ಮನಃಶಾಸ್ತ್ರ ಬೇಕಿಲ್ಲ, ಅಡಿಗೆಮನೆ ಸಾಕು.

ಪ್ರಾಣೇಶ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. ಇವತ್ತು ಅವನು ಅವಳ ಮುಖವನ್ನು ನೋಡಿದ್ದು ಅದೇ ಮೊದಲು.

"ಅಕ್ಕಾರ," ಲೋಹಿತ ಕೇಳಿದ, "ಗುರುತು ಇತ್ತೇನ್ರಿ?"

ಬಾಗಿಲಲ್ಲಿ ಯಂಕವ್ವ ಬಂದು ನಿಂತಿದ್ದಳು. ಹೊಸ್ತಿಲಿನ ಆಚೆಗೆ. ಮಡಿಚಿದ ಎಲೆ ಇನ್ನೂ ಅವಳ ಮುಷ್ಟಿಯಲ್ಲಿತ್ತು.

"ನಾ ನೋಡಿಲ್ಲ," ಎಂದಳು ಜಯಶ್ರೀ.

ಹೇಳಿದ ಮೇಲೆ ಮೈ ಹಗುರಾಯಿತು. ಅದೇ ಅವಳನ್ನು ಹೆದರಿಸಿತು.

"ಸುಳ್ಳು," ಪ್ರಾಣೇಶ ಕಿರುಚಿದ. "ಹರಿಪ್ರಿಯಾ, ನೀ ಹೇಳು. ನೀನೂ ನೋಡಿದಿ."

ಹರಿಪ್ರಿಯಾ ಗೋಡೆ ಬಿಟ್ಟು ಮುಂದೆ ಬಂದಳು. ಲೋಹಿತನ ಕಡೆಗೇ ನೋಡುತ್ತ, ಸಣ್ಣ ದನಿಯಲ್ಲಿ ಶುರು ಮಾಡಿದಳು.

"ಆ ಚೀಲ ಆವತ್ತಿಂದನ ಆ ಕಪಾಟಿನೊಳಗ ಅದರಿ. ದಿನಾ ಧೂಳು ಝಾಡಸಾಕಿ ನಾನ. ನಿಘಂಟಿನ ಹಿಂದ ಇತ್ತು, ಮುಟ್ಟಬ್ಯಾಡ ಅಂದಿದ್ರು. ಆ ಹುಡುಗಿ ಸತ್ತ ದಿನ ಹತ್ತಿಮತ್ತೂರಿನ ಹೊಂಡದ ನೀರಿಗೆ ಒದ್ದಿಯಾದ ಅರಿವಿ ನಾನ ಕೈಯಾರೆ ಒಗದೀನಿ. ಅಂಚಿಗೆ ಕರೀ ಮಣ್ಣು ಹತ್ತಿತ್ತು. ಮೂರು ಸಲ ತಿಕ್ಕಿದ್ರೂ ಹೋಗಲಿಲ್ಲ."

ಲೋಹಿತ ಬರೆದುಕೊಂಡ. ಆರೋಪಿಯ ಒದ್ದೆ ಬಟ್ಟೆ, ಹೆಂಡತಿಯ ಹೇಳಿಕೆ. ಪ್ರಾಣೇಶ ಒಂದು ಹೆಜ್ಜೆ ಮುಂದಿಟ್ಟು, ಹೆಂಡತಿಯ ಮುಖ ನೋಡಿ ಅಲ್ಲೇ ನಿಂತ. ಅವನ ಕಣ್ಣಲ್ಲಿ ಈಗಿದ್ದದ್ದು ಸಿಟ್ಟಲ್ಲ. ಏನನ್ನೋ ಈಗಷ್ಟೇ ತಿಳಿದುಕೊಂಡವನ ಹಾಗೆ ಬಾಯಿ ತುಸು ತೆರೆದಿತ್ತು. ಕಾನ್‌ಸ್ಟೇಬಲ್ ಅವನ ಮೊಣಕೈ ಹಿಡಿದ.

ಅವನು ದಾಟಿ ಹೋಗುವಾಗ ಯಂಕವ್ವ ದಾರಿ ಬಿಟ್ಟು ನಿಂತಳು. ಬೈಯಲಿಲ್ಲ. ಎಲೆಯನ್ನು ಬಾಯಿಗೆ ಹಾಕಿಕೊಂಡಳು.

ಕೋಣೆಯಲ್ಲಿ ಇಬ್ಬರೇ ಉಳಿದರು. ಹರಿಪ್ರಿಯಾ ಲೋಟಗಳನ್ನು ತಾಟಿಗೆ ಜೋಡಿಸುತ್ತಿದ್ದಳು. ಚೀಲದ ಮಾತು ಪೂರ್ತಿ ಸುಳ್ಳು, ಅದು ಜಯಶ್ರೀಗೆ ಗೊತ್ತಿತ್ತು. ಚೀಲ ಇಲ್ಲಿಗೆ ಬಂದದ್ದು ಗುರುವಾರ. ಆದರೆ ಕರಿಮಣ್ಣಿನ ಮಾತು ಸುಳ್ಳಿನ ಹಾಗೆ ಕೇಳಿಸಿರಲಿಲ್ಲ. ಮೂರು ಸಲ ತಿಕ್ಕಿದ ಕೈಯ ಮಾತು ಅದು. ಅಂಚಿಗೆ ಎಂದಿದ್ದಳು, ಸೀರೆಯ ಮಾತಾಡುವ ಹಾಗೆ.

ಒಬ್ರು ಬಂದಾರ, ಎಂದಿದ್ದಳು ಸವಿತಾ. ಯಾರು ಎಂದು ಯಂಕವ್ವ ಕೇಳಿರಲಿಲ್ಲ.

"ಹರಿಪ್ರಿಯಾ," ಜಯಶ್ರೀ ಕರೆದಳು. "ಆವತ್ತ ಒದ್ದಿ ಆಗಿದ್ದು ಯಾರ ಅರಿವಿ?"

ಹರಿಪ್ರಿಯಾ ತಾಟು ಎತ್ತಿಕೊಂಡಳು. ಹೊರಗೆ ಜೀಪು ಚಾಲೂ ಆಗಿ, ತಿರುಗಿ, ಪ್ರಾಣೇಶನನ್ನು ಒಯ್ಯುವ ಸದ್ದು ಓಣಿಯ ಕೊನೆಗೆ ಮುಟ್ಟುವ ತನಕ ನಿಂತು ಕೇಳಿದಳು.

"ನೀವೊಬ್ಬರ ಕೇಳಿದ್ರಿ ನೋಡ್ರಿ," ಎಂದು ಒಳಗೆ ಹೋಗಿ, ನಡುಬಾಗಿಲು ಮುಂದೆ ಮಾಡಿ ಚಿಲಕ ಹಾಕಿಕೊಂಡಳು.